ಚೌಕಳಿ ಉಣ್ಣೆ ಅಂಗಿ: ಬೆವರುವ ಏರಿಗೂ ಮರಸು ಕೂರುವ ಚಳಿಗೂ

ಅಮೆರಿಕಕ್ಕೆ ಬಂದ ಎರಡನೇ ನವೆಂಬರಿನಲ್ಲಿ ಕೆಂಪು-ಕಪ್ಪು ಚೌಕಳಿಯ ದಪ್ಪ ಅಂಗಿಯೊಂದನ್ನು ಕೊಂಡೆ. ಆಫೀಸಿನ ಗೆಳೆಯರೊಬ್ಬರು ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡ್ಯಾಕ್ ಕಾಡಿಗೆ ಪ್ರತಿವರ್ಷ ಜಿಂಕೆ ಶಿಕಾರಿಗೆ ಹೋಗುವವರು. ‘ಸುಮ್ಮನೆ ನೋಡೋಕಾದ್ರೂ ಬಾ’ ಎಂದು ಕರೆದಿದ್ದರು. ಅಂಗಿ ಚಿತ್ರದಲ್ಲಿ ಕಾಣುವ ಬೇಟೆಗಾರರ ಅಂಗಿಯ ಹಾಗೇ ಇತ್ತು, ಮುಟ್ಟಿದರೆ ಬೆಕ್ಕಿನ ಮರಿಯಷ್ಟು ಮೆತ್ತಗೆ. ಬೆಳಗಿನ ಕತ್ತಲಲ್ಲಿ ಒಂದೂವರೆ ಗಂಟೆ ಗುಡ್ಡ ಹತ್ತಿದೆವು. ಬೆನ್ನು ತೊಯ್ದು ಅಂಗಿ ಅಂಟಿಕೊಂಡಿತು. ಮೇಲೆ ಹೋಗಿ ಹೆಮ್ಲಾಕ್ ಮರವೊಂದರ ಬುಡದಲ್ಲಿ ಕೂತೆವು. ಅಲುಗಾಡುವಂತಿಲ್ಲ, ಕೆಮ್ಮುವಂತಿಲ್ಲ. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ನನ್ನ ಹಲ್ಲು ಕಟಕಟ ಶುರುವಾಯಿತು. ಜಿಂಕೆ ಬಿಡಿ, ಅಳಿಲೂ ಹತ್ತಿರ ಸುಳಿಯಲಿಲ್ಲ.

ಗೆಳೆಯರು ತಮ್ಮ ಅಜ್ಜನ ಕಾಲದ ಕೋಟು ತೊಟ್ಟು ಬಂಡೆಯ ಹಾಗೆ ಕೂತಿದ್ದರು. ಅವರೂ ನನ್ನಷ್ಟೇ ಬೆವರಿದ್ದರು. ಕೊನೆಗೆ ಮೆಲ್ಲಗೆ ಕೈಚಾಚಿ ನನ್ನ ಕಾಲರ್ ಮಗುಚಿ ಒಳಗಿನ ಚೀಟಿ ಓದಿದರು: ಶೇ 100 ಹತ್ತಿ. ನಾನು ಕೊಂಡಿದ್ದು ಉಣ್ಣೆಯ ಚೌಕಳಿಯಲ್ಲ, ಉಣ್ಣೆಯ ವೇಷ ಹಾಕಿದ ಫ್ಲಾನೆಲ್ ಎಂಬ ಹತ್ತಿ ಬಟ್ಟೆ.

ಆವತ್ತು ಅರ್ಥವಾದದ್ದು ಇಷ್ಟು. ಬೇಟೆಯ ಬಟ್ಟೆಗೆ ಎರಡು ಕೆಲಸ, ಒಂದಕ್ಕೊಂದು ತದ್ವಿರುದ್ಧ. ಹತ್ತುವಾಗ ಬೆವರನ್ನು ಹೊರಗೆ ದಾಟಿಸಬೇಕು, ಕೂತಾಗ ಮೈಶಾಖವನ್ನು ಒಳಗೇ ಹಿಡಿಯಬೇಕು. ಚಾರಣಕ್ಕೆ ಮೊದಲನೆಯದು ಸಾಕು, ಬಸ್‌ಸ್ಟಾಪಿನಲ್ಲಿ ನಿಲ್ಲುವುದಕ್ಕೆ ಎರಡನೆಯದು ಸಾಕು. ಬೇಟೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಐದು ನಿಮಿಷದಲ್ಲಿ ಬದಲಾಗಬೇಕು, ಅದೂ ಒದ್ದೆ ಮೈಯಲ್ಲಿ. ಮಲೆನಾಡಿನಲ್ಲಿ ‘ಮರಸು ಕೂರುವುದು’ ಅನ್ನುತ್ತಾರಲ್ಲ, ಪ್ರಾಣಿ ಬರುವ ದಾರಿಯಲ್ಲಿ ಉಸಿರು ಬಿಗಿಹಿಡಿದು ಕಾಯುವುದು, ಅದನ್ನೇ ಇವರು ಸೊನ್ನೆಯ ಆಸುಪಾಸಿನ ಚಳಿಯಲ್ಲಿ ಮಾಡುತ್ತಾರೆ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಜ್ಜಂದಿರ ಕತೆಯಲ್ಲಿ ಮಾತ್ರ ಉಳಿಯಿತು. ಇಲ್ಲಿ ಅದು ಲೈಸೆನ್ಸು, ಋತು, ಸಂಖ್ಯೆಯ ಮಿತಿ ಎಲ್ಲ ಇರುವ ಕಾನೂನುಬದ್ಧ ವ್ಯವಹಾರ.)

ಹತ್ತಿ ಸೋತಿದ್ದು ಯಾಕೆ? ಹತ್ತಿಯ ಎಳೆ ನೀರನ್ನು ಕಂಡರೆ ಬಾಚಿ ತಬ್ಬಿಕೊಳ್ಳುತ್ತದೆ. ಒದ್ದೆಯಾದೊಡನೆ ಎಳೆಗಳು ಬಿಗಿ ಕಳೆದುಕೊಂಡು ಚರ್ಮಕ್ಕೆ ಚಪ್ಪಟೆಯಾಗಿ ಅಂಟುತ್ತವೆ, ಗಾಳಿ ಇದ್ದ ಸಂದಿಗಳಿಗೆಲ್ಲ ನೀರು ತುಂಬುತ್ತದೆ. ಬಟ್ಟೆ ಬೆಚ್ಚಗಿಡುವುದು ನೂಲಿನಿಂದಲ್ಲ, ನೂಲುಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಸಾಗಿಸುತ್ತದೆ. ಅಂದರೆ ಮರದ ಬುಡದಲ್ಲಿ ನಾನು ತೊಟ್ಟಿದ್ದು ಅಂಗಿಯಲ್ಲ, ಮೈಶಾಖ ಹೊರಗೆ ಹರಿಸುವ ಕಾಲುವೆ.

ಉಣ್ಣೆಯ ಜಾತಿಯೇ ಬೇರೆ. ಅದು ನಮ್ಮ ಕೂದಲು, ಉಗುರುಗಳ ಹಾಗೆ ಕೆರಾಟಿನ್ ಎಂಬ ಪ್ರೋಟೀನು. ಎಳೆಯ ಮೇಲ್ಮೈಯಲ್ಲಿ ಹಂಚಿನ ಮಾಡಿನಂತೆ ಒಂದರ ಮೇಲೊಂದು ಹೊದಿಸಿದ ಸೂಕ್ಷ್ಮ ಪರೆಗಳು. ಈ ಪರೆಗಳ ಹೊರಮೈಗೆ ನೀರಿನ ಹನಿ ಆಗಿಬರುವುದಿಲ್ಲ, ಹನಿ ಜಾರುತ್ತದೆ. ಆದರೆ ಹಬೆ ರೂಪದಲ್ಲಿರುವ ನೀರು ಪರೆಗಳನ್ನು ದಾಟಿ ಎಳೆಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಹೊರಗೆ ಒಣ, ಒಳಗೆ ತೇವ. ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಪ್ರಯೋಗಾಲಯದಲ್ಲಿ ಅಳೆಯುವ ಶೇ 65ರ ತೇವದ ಗಾಳಿಯಲ್ಲಿಟ್ಟರೆ ಉಣ್ಣೆ ತನ್ನ ತೂಕದ ಸುಮಾರು ಶೇ 16ರಷ್ಟು ನೀರು ಹಿಡಿದುಕೊಳ್ಳುತ್ತದೆ, ಹತ್ತಿ ಶೇ 8, ಪಾಲಿಯೆಸ್ಟರ್ ಶೇ ಅರ್ಧಕ್ಕೂ ಕಡಿಮೆ. ಜೊತೆಗೆ ಉಣ್ಣೆಯ ಎಳೆ ಹುಟ್ಟಾ ಗುಂಗುರು. ತೇವವಾದರೂ ಆ ಗುಂಗುರಿನ ಸ್ಪ್ರಿಂಗು ಪೂರ್ತಿ ಕುಸಿಯುವುದಿಲ್ಲ, ಸಂದಿಯ ಗಾಳಿ ಅಷ್ಟಿಷ್ಟು ಉಳಿದೇ ಇರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ‘ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ’ ಎಂದು ಇಲ್ಲಿನ ಬೇಟೆಗಾರರು ಮಂತ್ರದಂತೆ ಹೇಳುತ್ತಾರೆ. ಅರ್ಧ ನಿಜ. ಒದ್ದೆ ಉಣ್ಣೆ ಒಣ ಉಣ್ಣೆಯಷ್ಟು ಬೆಚ್ಚಗಿರಲು ಸಾಧ್ಯವೇ ಇಲ್ಲ. ಅದು ಮಾಡುವುದು ಬೇರೆ: ಬೀಳುವುದನ್ನು ನಿಧಾನ ಮಾಡುತ್ತದೆ. ಒಣ ಉಣ್ಣೆ ಹಬೆಯನ್ನು ಹೀರುವಾಗ ಸ್ವಲ್ಪ ಶಾಖ ಬಿಡುತ್ತದೆ. ಆಮೇಲೆ ಆ ತೇವವನ್ನು ಒಮ್ಮೆಲೇ ಆರಿಸದೆ ತಾಸುಗಟ್ಟಲೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಹತ್ತಿ ಅಂಗಿಯಲ್ಲಿ ಆದಂತೆ ಬೆನ್ನಿಗೆ ಐಸ್ ಹಚ್ಚಿದ ಅನುಭವ ಆಗುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮಳೆಯಲ್ಲಿ ಪೂರ್ತಿ ನೆನೆದ ಉಣ್ಣೆ ಕೋಟು ನೆನೆದ ಗೋಣಿಚೀಲದಷ್ಟು ಭಾರ, ರಾತ್ರಿಯಿಡೀ ಒಲೆಯ ಪಕ್ಕ ನೇತುಹಾಕಿದರೂ ಬೆಳಗ್ಗೆ ಕಂಕುಳ ಹತ್ತಿರ ತಣ್ಣಗೇ ಇರುತ್ತದೆ.

ಇದೆಲ್ಲ ನಮಗೆ ಹೊಸದೇನಲ್ಲ. ತೀರ್ಥಹಳ್ಳಿ ಕಡೆ ಗದ್ದೆ ನೆಟ್ಟಿಯ ಕಾಲದಲ್ಲಿ ಆಳುಗಳು ಕಂಬಳಿಕೊಪ್ಪೆ ಹೊದ್ದು ಆಷಾಢದ ಮಳೆಯಲ್ಲಿ ದಿನವಿಡೀ ಬಗ್ಗಿ ನಿಲ್ಲುತ್ತಿದ್ದರು. ಕಂಬಳಿ ಜಲನಿರೋಧಕವಲ್ಲ. ಆದರೆ ಹನಿ ಹೊರಗೇ ಜಾರುತ್ತಿತ್ತು, ಒಳಗಿನ ಬೆವರ ಹಬೆ ದಾಟುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಮಳೆ ಹೊರಗೇ ನಿಂತಿತು, ಬೆವರಿನಲ್ಲಿ ಬೇಯುವುದು ಶುರುವಾಯಿತು. ಕುರುಬರು ಕಂಬಳಿಯ ಹಾಸುನೂಲಿಗೆ ಹುಣಸೆಬೀಜದ ಸರಿ ಬಳಿದು ಬಿಗಿ ಕೊಡುತ್ತಿದ್ದರು. ಇಲ್ಲಿನವರು ಸಡಿಲವಾಗಿ ನೇಯ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ಕುಕ್ಕಿ ಬೇಕೆಂದೇ ಕುಗ್ಗಿಸುತ್ತಾರೆ. ಪರೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ನೇಯ್ಗೆಯ ಸಂದಿಯೇ ಕಾಣದಷ್ಟು ದಟ್ಟವಾಗುತ್ತದೆ, ಗಾಳಿ ಸುಲಭಕ್ಕೆ ನುಗ್ಗುವುದಿಲ್ಲ. ಮ್ಯಾಕಿನಾ ಎಂದು ಕರೆಯುವ ದಪ್ಪ ಕೋಟಿನ ಬಟ್ಟೆ ಹಾಗೆ ಆಗುವಂಥದು.

ಮತ್ತೆ ಚುಚ್ಚುವಿಕೆ? ಕಂಬಳಿ ಎಂದೊಡನೆ ಕತ್ತು ಕೆರೆದುಕೊಳ್ಳುವವರಿಗೆ ಇದರ ಲೆಕ್ಕ ಗೊತ್ತಿರಲಿ. ಎಳೆಯ ದಪ್ಪವನ್ನು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಲ್ಲಿ ಅಳೆಯುತ್ತಾರೆ. ಎಳೆಯ ತುದಿ ಸುಮಾರು 30 ಮೈಕ್ರಾನ್ ದಾಟಿದರೆ ಚರ್ಮಕ್ಕೆ ತಾಗಿದಾಗ ಬಾಗದೆ ಒತ್ತುತ್ತದೆ. ಕೆರೆತ ಅನ್ನುವುದು ಆ ಒತ್ತಡ, ಬಹುಪಾಲು ಜನರಿಗೆ ಅದು ಅಲರ್ಜಿಯಲ್ಲ. ನಮ್ಮ ದಖನಿ ಕುರಿಯ ಉಣ್ಣೆಯಲ್ಲಿ 30 ದಾಟಿದ ಎಳೆಗಳೇ ಜಾಸ್ತಿ. ಮೈಗೆ ತಾಗುವ ಒಳ ಅಂಗಿಗೆ ಬಳಸುವ ಮೆರಿನೋ ಕುರಿಯ ಉಣ್ಣೆ 17ರಿಂದ 19 ಮೈಕ್ರಾನಿನದು, ತುದಿ ತಾನೇ ಬಾಗಿಬಿಡುತ್ತದೆ. ಹಾಗಾಗಿ ‘ನನಗೆ ಉಣ್ಣೆ ಆಗಲ್ಲ’ ಎನ್ನುವವರು ಒಮ್ಮೆ ಮೆರಿನೋ ತೊಟ್ಟು ನೋಡಿ ಆಮೇಲೆ ತೀರ್ಮಾನಿಸಲಿ. ಒರಟು ಉಣ್ಣೆಯೂ ಬೇಕು, ಅದು ಸವೆತಕ್ಕೆ ಗಟ್ಟಿ. ಅದರ ಜಾಗ ಹೊರಗೆ, ಅಷ್ಟೇ.

ಈಗ ಆಯ್ಕೆಗೆ ಬರೋಣ. ಮೈಗಂಟಿದ ಪದರಕ್ಕೆ ಚದರ ಮೀಟರಿಗೆ 150ರಿಂದ 200 ಗ್ರಾಂ ತೂಗುವ ತೆಳು ಮೆರಿನೋ ಸಾಕು. ದಪ್ಪನೆಯದು ಅಂಗಡಿಯಲ್ಲಿ ಹಿತ, ಏರಿನಲ್ಲಿ ಒಲೆ. ಇದರ ಇನ್ನೊಂದು ಗುಣ ಕಾಡಿನಲ್ಲಿ ಮೂರನೇ ದಿನ ಗೊತ್ತಾಗುತ್ತದೆ: ಪಾಲಿಯೆಸ್ಟರ್ ಬನಿಯನ್ ಎರಡನೇ ದಿನಕ್ಕೇ ಗುಡಾರದಿಂದ ಹೊರಗೆ ಹಾಕುವಂತೆ ನಾರುತ್ತದೆ, ಮೆರಿನೋ ನಾಲ್ಕು ದಿನ ತಡೆದುಕೊಳ್ಳುತ್ತದೆ. ಗಾಳಿಯ ದಿಕ್ಕು ತಪ್ಪಿದರೆ ಜಿಂಕೆಯ ಮೂಗಿಗೆ ಎರಡೂ ಒಂದೇ, ಆದರೆ ಗುಡಾರ ಹಂಚಿಕೊಂಡವರ ಮೂಗಿಗೆ ಅಲ್ಲ.

ಅದರ ಮೇಲೆ ಚೌಕಳಿ ಉಣ್ಣೆ ಅಂಗಿ. ನನ್ನ ಮಟ್ಟಿಗೆ ಇಡೀ ಉಡುಪಿನಲ್ಲಿ ಹೆಚ್ಚು ದುಡ್ಡು ಹಾಕಬೇಕಾದ್ದು ಇದಕ್ಕೆ. ಗುಂಡಿ ಬಿಚ್ಚಿದರೆ ಗಾಳಿಯಾಡುತ್ತದೆ, ಹಾಕಿದರೆ ಕೋಟು. ಹತ್ತುವಾಗ ಎದೆ ತೆರೆದುಕೊಂಡು, ತೋಳು ಮಡಚಿಕೊಂಡು ಹೋಗಬಹುದು. ಶೇ 80–85 ಉಣ್ಣೆ, ಉಳಿದದ್ದು ನೈಲಾನ್ ಇದ್ದರೆ ಬೇಸರ ಬೇಡ, ಮುಳ್ಳುಕಂಟಿಗೆ ಸಿಕ್ಕಿದಾಗ ಆ ನೈಲಾನೇ ಕಾಪಾಡುವುದು.

ದಪ್ಪ ಕೋಟಿನ ವಿಚಾರದಲ್ಲಿ ನನಗೂ ಗೆಳೆಯರಿಗೂ ಜಗಳ. ಸಿಯಾಟಲ್‌ನಲ್ಲಿ 1897ರಲ್ಲಿ, ಕೆನಡಾದ ಕ್ಲಾಂಡೈಕಿನ ಚಿನ್ನಕ್ಕೆ ಹೊರಟವರಿಗೆ ಬಟ್ಟೆ ಹೊಲಿಯಲು ಶುರುವಾದ ಫಿಲ್ಸನ್ ಕಂಪನಿ 1914ರಲ್ಲಿ ಪೇಟೆಂಟ್ ಪಡೆದ ‘ಕ್ರೂಸರ್’ ಕೋಟನ್ನು ಅವರು ದೇವರ ಪ್ರಸಾದದಂತೆ ಕಾಣುತ್ತಾರೆ. ಕ್ರೂಸರ್ ಎಂದರೆ ಕಾಡಿನಲ್ಲಿ ಓಡಾಡಿ ಎಷ್ಟು ನಾಟಾ ಸಿಕ್ಕೀತು ಎಂದು ಅಂದಾಜು ಮಾಡುವವನು. ಅವನ ನಕ್ಷೆಗಳಿಗೆಂದು ಬೆನ್ನಿನ ಅಗಲಕ್ಕೂ ಒಂದು ಜೇಬು. ಅದ್ಭುತ ಕೋಟು, ಒಪ್ಪುತ್ತೇನೆ. ಹಿಮದ ಮೇಲೆ ಹೆಜ್ಜೆ ಜಾಡು ಹಿಡಿದು ದಿನವಿಡೀ ನಡೆದು ಸಂಜೆಗೆ ಕಾರಿಗೆ ಮರಳುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಐದು ದಿನದ ಅನ್ನ, ಗುಡಾರ, ಹಾಸಿಗೆ ಬೆನ್ನ ಮೇಲೆ ಹೊತ್ತು ರಸ್ತೆಯಿಂದ ಹತ್ತು ಕಿಲೋಮೀಟರ್ ಒಳಗೆ ಹೋಗುವವರಿಗೆ ಗಜಕ್ಕೆ 24 ಔನ್ಸ್ ತೂಗುವ ಆ ಬಟ್ಟೆ ಶಿಕ್ಷೆ. ಅಂಥವರು ಉಣ್ಣೆ ಅಂಗಿಗೇ ನಿಲ್ಲಿಸಿ, ಮುಷ್ಟಿಯಷ್ಟಾಗಿ ಮುದುಡುವ, ಸಿಂಥೆಟಿಕ್ ನಾರು ತುಂಬಿದ ಜಾಕೆಟ್ಟೊಂದನ್ನು ಚೀಲದಲ್ಲಿಡಲಿ. ಕೂತ ಕ್ಷಣ, ಚಳಿ ಹತ್ತುವ ಮೊದಲೇ, ಅದನ್ನು ಮೇಲೆ ಹಾಕಿಕೊಳ್ಳಬೇಕು. ಬಾತುಕೋಳಿ ಪುಕ್ಕದ್ದು ಇನ್ನೂ ಹಗುರ, ಆದರೆ ನೆನೆದರೆ ಒದ್ದೆ ಕೋಳಿಯೇ. ಜೋರು ಮಳೆಗೆ ಉಣ್ಣೆಯನ್ನು ನಂಬದೆ ಮಳೆಕೋಟು ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ.

ಹಾಗಾದರೆ ಎಲ್ಲವನ್ನೂ ಸಿಂಥೆಟಿಕ್ಕಿನಲ್ಲೇ ಮುಗಿಸಬಾರದೇಕೆ? ಎರಡು ಕಾರಣ. ಒಂದು ಸದ್ದು. ನೈಲಾನ್ ಜಾಕೆಟ್ಟಿಗೆ ಒಂದು ಕಡ್ಡಿ ಗೀಚಿದರೆ ಚಕ್ಕುಲಿ ಪೊಟ್ಟಣ ಬಿಚ್ಚಿದಂತೆ ಕೇಳುತ್ತದೆ. ಜುಂಗೆಬ್ಬಿಸಿದ ಉಣ್ಣೆಗೆ ಅದೇ ಕಡ್ಡಿ ತಾಗಿದರೆ ಸದ್ದು ಜುಂಗಿನಲ್ಲೇ ಇಂಗಿಹೋಗುತ್ತದೆ. ಇನ್ನೊಂದು ಬೆಂಕಿ. ಸಂಜೆ ಬೆಂಕಿಯ ಪಕ್ಕ ಕೂತಾಗ ಸಿಡಿದ ಕಿಡಿಯೊಂದು ನೈಲಾನ್ ಮೇಲೆ ಬಿದ್ದರೆ ಕರಗಿ ತೂತು. ಉಣ್ಣೆಯ ಮೇಲೆ ಬಿದ್ದರೆ ಕರಕಲು ಚುಕ್ಕೆ, ಉಗುರಿನಲ್ಲಿ ಕೆರೆದರೆ ಹೋಯಿತು. ಉಣ್ಣೆಗೆ ಹೊತ್ತಿಕೊಳ್ಳಲು 570 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಹೊತ್ತಿದರೂ ಜ್ವಾಲೆ ತೆಗೆದೊಡನೆ ತಾನೇ ಆರುತ್ತದೆ.

ಪ್ಯಾಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡಿರಾಂಡ್ಯಾಕಿನ ಉತ್ತರ ಅಂಚಿನ ಮಲೋನ್ ಊರಿನ ಹೆಸರು ಹೊತ್ತ ಬೂದುಬಣ್ಣದ ದಪ್ಪ ಉಣ್ಣೆ ‘ಮಲೋನ್ ಪ್ಯಾಂಟ್’ ಈ ಸೀಮೆಯ ಹಳಬರ ಸಮವಸ್ತ್ರ. ಬೆಲ್ಟು ಬೇಡ, ಹೆಗಲಪಟ್ಟಿ ಹಾಕಿ. ನೆನೆದ ಉಣ್ಣೆ ಪ್ಯಾಂಟು ಬೆಲ್ಟನ್ನು ಲೆಕ್ಕಿಸದೆ ಮೊಣಕಾಲಿಗೆ ಹೊರಡುತ್ತದೆ. ಮರಕಡಿಯುವವರು ಪ್ಯಾಂಟಿನ ಅಂಚನ್ನು ಹೊಲಿಯದೆ ಬೂಟಿನ ಮೇಲಕ್ಕೆ ಕತ್ತರಿಸಿಬಿಡುತ್ತಿದ್ದರು. ಕುಕ್ಕಿ ಕುಗ್ಗಿಸಿದ ಬಟ್ಟೆ ಸುಲಭಕ್ಕೆ ಎಳೆ ಬಿಡುವುದಿಲ್ಲ, ಕೊಂಬೆಗೆ ಸಿಕ್ಕಿದರೆ ಹೊಲಿದ ಮಡಿಕೆಯಂತೆ ಹಿಡಿದು ತೊಟ್ಟವನನ್ನು ಬೀಳಿಸುವ ಬದಲು ಹರಿದು ಬಿಡುತ್ತದೆ.

ಇನ್ನು ಚೌಕಳಿ. ಇದನ್ನು ಇಲ್ಲಿ ‘ಪ್ಲ್ಯಾಡ್’ ಅನ್ನುತ್ತಾರೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಆ ಶಬ್ದಕ್ಕೆ ಅರ್ಥ ಚೌಕಳಿಯಲ್ಲ, ಕಂಬಳಿ! ಹೊದೆಯುತ್ತಿದ್ದ ಕಂಬಳಿಯ ಹೆಸರು ಅದರ ಮೇಲಿನ ವಿನ್ಯಾಸಕ್ಕೆ ಅಂಟಿಕೊಂಡಿತು. ಮ್ಯಾಕಿನಾ ಕೋಟಿನ ಹುಟ್ಟೂ ಕಂಬಳಿಯಿಂದಲೇ. 1811ರ ಚಳಿಗಾಲಕ್ಕೆ ಹ್ಯೂರಾನ್ ಸರೋವರದ ಸೇಂಟ್ ಜೋಸೆಫ್ ದ್ವೀಪದ ಬ್ರಿಟಿಷ್ ಕೋಟೆಗೆ ಬರಬೇಕಾಗಿದ್ದ ದೊಡ್ಡ ಕೋಟುಗಳು ಬರಲಿಲ್ಲ. ಕ್ಯಾಪ್ಟನ್ ಚಾರ್ಲ್ಸ್ ರಾಬರ್ಟ್ಸ್ ಉಗ್ರಾಣದಲ್ಲಿದ್ದ ವ್ಯಾಪಾರದ ಕಂಬಳಿಗಳನ್ನೇ ಕತ್ತರಿಸಿ ಸ್ಥಳೀಯ ಹೆಂಗಸರಿಂದ ಕೋಟು ಹೊಲಿಸಿದ. ಮುಂದಿನ ವರ್ಷ ಜುಲೈನಲ್ಲಿ ಅದೇ ದಂಡು ಹೋಗಿ ಪಕ್ಕದ ಮ್ಯಾಕಿನಾ ಕೋಟೆ ಹಿಡಿಯಿತು, ಹೆಸರು ಕೋಟಿಗೆ ನಿಂತಿತು. ಕೆಂಪು-ಕಪ್ಪಿನ ದೊಡ್ಡ ಚೌಕಗಳ ‘ಬಫಲೋ’ ಚೌಕಳಿಯನ್ನು ಮನೆಮಾತು ಮಾಡಿದ್ದು 1830ರಲ್ಲಿ ಜಾನ್ ರಿಚ್ ಪೆನ್ಸಿಲ್ವೇನಿಯಾದಲ್ಲಿ ಶುರುಮಾಡಿದ ವೂಲ್‌ರಿಚ್ ಗಿರಣಿ. ಅದೇ ಬಟ್ಟೆಯ ಕೋಟು ಪ್ಯಾಂಟು ಎರಡನ್ನೂ ತೊಟ್ಟರೆ ‘ಪೆನ್ಸಿಲ್ವೇನಿಯಾ ಟಕ್ಸೀಡೋ’ (ಟಕ್ಸೀಡೋ ಎಂದರೆ ಔತಣಕೂಟಕ್ಕೆ ತೊಡುವ ಸೂಟು) ಎಂದು ಗೇಲಿ, ಅದರಲ್ಲಿ ಮೆಚ್ಚುಗೆಯೂ ಇದೆ. ಆ ಗಿರಣಿ 2018ರಲ್ಲಿ ಬಾಗಿಲು ಹಾಕಿತು.

ಬೇಟೆಗೆ ಹೋಗುವವರು ಕೆಂಪು ತೊಡುವುದೇ? ಜಿಂಕೆಗೆ ಕಾಣುವುದಿಲ್ಲವೇ? ನನಗೂ ಮೊದಲು ಇದೇ ಪ್ರಶ್ನೆ. 1990ರ ದಶಕದ ಆರಂಭದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಬಾಲದ ಜಿಂಕೆಗಳ ಕಣ್ಣನ್ನು ಅಳೆದು ನೋಡಿದರು. ನಮ್ಮ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಜಿಂಕೆಗೆ ಎರಡೇ: ಒಂದು ನೀಲಿಯ ಕಡೆಯದು, ಇನ್ನೊಂದು ಹಸಿರಿನದು. ಕೆಂಪಿನದು ಇಲ್ಲ. ಕೆಂಪು ಅದಕ್ಕೆ ಮಂಕು ಮಬ್ಬು ಬಣ್ಣ. ಹಾಗಾಗಿ ಕೆಂಪು-ಕಪ್ಪು ಚೌಕಳಿ ಜಿಂಕೆಯ ಕಣ್ಣಿಗೆ ಮಬ್ಬು ಮತ್ತು ಕಪ್ಪಿನ ತುಂಡುಗಳು, ರೆಂಬೆ ನೆರಳುಗಳ ಹಾಗೆ. ಮನುಷ್ಯಾಕಾರ ಒಡೆದುಹೋಗುತ್ತದೆ. ಇದಕ್ಕೆ ಚೌಕ ದೊಡ್ಡದಿರಬೇಕು, ಐದಾರು ಸೆಂಟಿಮೀಟರಾದರೂ. ಚಿಕ್ಕ ಚೌಕಗಳು ಐವತ್ತು ಅಡಿ ಆಚೆ ಒಂದಕ್ಕೊಂದು ಕಲಸಿಕೊಂಡು ಒಂದೇ ಗುಪ್ಪೆಯಾಗುತ್ತವೆ. ವಿನ್ಯಾಸ ಯಾವುದಾದರೇನು, ಕೈ ಎತ್ತಿದಿರೋ ಜಿಂಕೆ ನೋಡಿಯೇ ನೋಡುತ್ತದೆ. ನಿಜವಾಗಿ ಹೆದರಬೇಕಾದ್ದು ನೀಲಿಗೆ. ಬಟ್ಟೆ ‘ಬೆಳ್ಳಗೆ ಹೊಳೆಯಲಿ’ ಎಂದು ಸಾಬೂನುಪುಡಿಗೆ ಸೇರಿಸುವ ರಾಸಾಯನಿಕ ಕಾಣದ ಅತಿನೇರಳೆ ಬೆಳಕನ್ನು ನೀಲಿಯಾಗಿ ಹೊಳೆಸುತ್ತದೆ, ಜಿಂಕೆಯ ಕಣ್ಣು ಚುರುಕಾಗಿರುವುದು ಆ ತುದಿಯಲ್ಲೇ.

ಹಿಂದೆ ಕೆಂಪು ಚೌಕಳಿಯನ್ನು ಇತರ ಬೇಟೆಗಾರರಿಗೆ ಕಾಣಲಿ ಎಂದು ತೊಡುತ್ತಿದ್ದರು. ಮುಸ್ಸಂಜೆಯಲ್ಲಿ ಮನುಷ್ಯನ ಕಣ್ಣಿಗೆ ಕೆಂಪು ಕಪ್ಪಾಗಿಬಿಡುತ್ತದೆ ಎಂಬುದು ಅದರ ದೋಷ. ಹೊಳೆಯುವ ಕಿತ್ತಳೆ ಬಣ್ಣ ಹಾಗಲ್ಲ, ಮಬ್ಬಿನಲ್ಲಿ ಉಳಿದಿರುವ ನೀಲಿ ಬೆಳಕನ್ನೂ ಹೀರಿ ಕಿತ್ತಳೆಯಾಗಿ ಉಗುಳುತ್ತದೆ. ಅದಕ್ಕೇ ಕಾನೂನು. ಪೆನ್ಸಿಲ್ವೇನಿಯಾದ ರೈಫಲ್ ಋತುವಿನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ, ಅಂದರೆ ಹೆಚ್ಚುಕಡಿಮೆ 40 ಸೆಂಟಿಮೀಟರ್ ಉದ್ದಗಲದ ಚೌಕ. ಕೊಲೊರಾಡೊದಲ್ಲಿ 500 ಚದರ ಇಂಚು, ಜೊತೆಗೆ ಟೋಪಿ, ಅಲ್ಲಿ ಗುಲಾಬಿಯೂ ನಡೆಯುತ್ತದೆ. ನ್ಯೂಯಾರ್ಕಿನಲ್ಲಿ 2021ರಿಂದ ಬಂದೂಕಿನ ಜಿಂಕೆ ಬೇಟೆಗೆ ಕಿತ್ತಳೆ ಅಥವಾ ಗುಲಾಬಿ ಕಡ್ಡಾಯವಾದರೂ, ಕನಿಷ್ಠ ಅರ್ಧದಷ್ಟು ಆ ಬಣ್ಣವಿರುವ ಟೋಪಿ ಇದ್ದರೂ ಸಾಕು. ಗೆಳೆಯರ ಅಜ್ಜನ ಕೋಟು ಆ ಟೋಪಿಯ ಕೃಪೆಯಲ್ಲಿ ಇನ್ನೂ ಕಾಡಿಗೆ ಹೋಗುತ್ತಿದೆ. ಹೊರಡುವ ಮೊದಲು ಆಯಾ ರಾಜ್ಯದ ಆ ವರ್ಷದ ನಿಯಮ ಓದಿಕೊಳ್ಳಿ. ಬೇಟೆಯ ಗೊಡವೆಯೇ ಬೇಡ, ಎಲೆ ಉದುರುವುದನ್ನು ನೋಡಲು ಮಕ್ಕಳೊಂದಿಗೆ ಕಾಡು ಸುತ್ತುತ್ತೇವೆ ಎನ್ನುವ ಕನ್ನಡಿಗರೂ ನವೆಂಬರಿನಲ್ಲಿ ಒಂದು ಕಿತ್ತಳೆ ಟೋಪಿ ಹಾಕಿ. ಮೂಗು ಒರೆಸಲು ಬಿಳಿ ಕರವಸ್ತ್ರ ತೆಗೆಯಬೇಡಿ, ಹೆದರಿ ಓಡುವ ಜಿಂಕೆ ಎತ್ತುವ ಬಾಲವೂ ಬಿಳಿಯೇ.

ಅಂಗಡಿಯಲ್ಲಿ ಮೊದಲು ಚೀಟಿ ಓದಿ. 1939ರ ಉಣ್ಣೆ ಕಾಯ್ದೆಯ ಪ್ರಕಾರ ಇಲ್ಲಿ ಮಾರುವ ಉಣ್ಣೆ ಬಟ್ಟೆಯ ಮೇಲೆ ಯಾವ ನೂಲು ಶೇಕಡಾ ಎಷ್ಟು, ಮರುಬಳಕೆಯ ಉಣ್ಣೆಯೋ ಎಂದು ಬರೆಯಲೇಬೇಕು. ಚೀಟಿ ಹರಿದುಹೋದ ಹಳೇ ಬಟ್ಟೆಯಾದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡಿ: ಕೂದಲು ಸುಟ್ಟ ಕಮಟು, ಬೆರಳಲ್ಲಿ ಪುಡಿಯಾಗುವ ಬೂದಿ ಬಂದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ತೊಟ್ಟು ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಲ್ಲುವುದು ವ್ಯರ್ಥ. ಬಂದೂಕು ಹೆಗಲಿಗಿಟ್ಟಂತೆ ಎರಡೂ ಕೈ ಮುಂದೆ ಚಾಚಿ, ಕುಕ್ಕುರುಗಾಲಲ್ಲಿ ಕೂತು ನೋಡಿ. ಸೊಂಟ ಬಯಲಾದರೆ, ಬೆನ್ನು ಬಿಗಿದರೆ ಒಂದಳತೆ ದೊಡ್ಡದು ಬೇಕು. ಒಳಗೆ ಮೆರಿನೋ ಹಾಕಿಕೊಂಡೇ ಅಂಗಡಿಗೆ ಹೋಗಿ. ಹೊಸದು ದುಬಾರಿ. ನನ್ನ ಈಗಿನ ಉಣ್ಣೆ ಅಂಗಿ ಹಳೇ ಬಟ್ಟೆಯಂಗಡಿಯಲ್ಲಿ ಸಿಕ್ಕಿದ್ದು, ಬೆಳಕಿಗೆ ಹಿಡಿದು ನುಸಿತೂತು ಹುಡುಕಿ ಕೊಂಡೆ, ಒಂದೇ ಒಂದು ಕಂಡಿತು.

ಒಗೆಯುವುದು ವರ್ಷಕ್ಕೊಮ್ಮೆ, ತಣ್ಣೀರಿನಲ್ಲಿ, ಉಜ್ಜದೆ. ಬಿಸಿ ಮತ್ತು ಕುಲುಕಾಟ ಸೇರಿದರೆ ಕೋಟಿನ ಬಟ್ಟೆಯನ್ನು ಗಿರಣಿಯಲ್ಲಿ ಕುಗ್ಗಿಸುವ ಅದೇ ಕ್ರಿಯೆ ನಿಮ್ಮ ಡ್ರೈಯರಿನಲ್ಲಿ ನಡೆಯುತ್ತದೆ. ನನ್ನ ಮೊದಲ ಮೆರಿನೋ ಬನಿಯನ್ ಹಾಗೆಯೇ ಮಗಳ ಗೊಂಬೆಗೆ ಹೋಯಿತು. ಬೇಸಿಗೆಯಲ್ಲಿ ಎತ್ತಿಡುವಾಗ ನುಸಿಗುಳಿಗೆ ಹಾಕಿದರೆ ಆ ವಾಸನೆ ನವೆಂಬರ್ ದಾಟಿದರೂ ಬಿಡುವುದಿಲ್ಲ. ಉಣ್ಣೆ ತಿನ್ನುವ ಹುಳು ಸಾಯಲು ಕಡುಚಳಿಯೂ ಸಾಕು, ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಂದೆರಡು ವಾರ ಡೀಪ್ ಫ್ರೀಜರಿನಲ್ಲಿಡಿ. ನನ್ನ ಚೌಕಳಿ ಅಂಗಿ ಸದ್ಯ ಅಲ್ಲೇ ಇದೆ, ಊರಿಂದ ತಂದ ಹಿತಕಿದ ಅವರೆಕಾಳಿನ ಪೊಟ್ಟಣದ ಪಕ್ಕ. ಎರಡರಲ್ಲಿ ಯಾವುದನ್ನು ಮೊದಲು ಹೊರಗೆ ತೆಗೆಯಬೇಕು ಎಂದು ಮನೆಯಲ್ಲಿ ಚರ್ಚೆ ನಡೆದಿದೆ.